ರಕ್ಕಸಗಿ–ತಂಗಡಗಿಗೆ ಎಂಥ ಕಲ್ಲು? ಓದುಗರ ಪ್ರಶ್ನೆಗಳಿಗೆ ಶಿಲ್ಪಿಯ ಉತ್ತರ

ಹಿಂದಿನ ಸಂಚಿಕೆಯಲ್ಲಿ ವೀರಗಲ್ಲುಗಳ ಬಗ್ಗೆ ಬರೆದ ಮೇಲೆ ಕೃಷ್ಣೆಯ ಎರಡೂ ದಡಗಳಿಂದ ಪತ್ರಗಳು ಬಂದಿವೆ. ಹೆಚ್ಚಿನವು ವಿಜಯನಗರಕ್ಕೂ ದಖ್ಖನಿನ ಸುಲ್ತಾನರಿಗೂ 1565ರಲ್ಲಿ ನಡೆದ ರಕ್ಕಸಗಿ–ತಂಗಡಗಿ, ಅಂದರೆ ತಾಳಿಕೋಟೆ ಯುದ್ಧದ ನೆನಪಿಗೆ ಒಂದು ಶಿಲ್ಪ ನಿಲ್ಲಿಸುವ ವಿಚಾರಕ್ಕೆ ಸಂಬಂಧಿಸಿದವು. ಹಾಗಾಗಿ ಈ ಸಲ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಶಿಲ್ಪಿಗಳೇ, ನಮ್ಮ ಊರಿನವರು ಸೇರಿ ರಕ್ಕಸಗಿ–ತಂಗಡಗಿ ಯುದ್ಧದ ಸ್ಮಾರಕ ಮಾಡಬೇಕೆಂದಿದ್ದೇವೆ. ನದಿಯ ದಿಕ್ಕಿಗೆ ತೆರೆದುಕೊಂಡ ಸ್ವಲ್ಪ ಜಾಗವನ್ನು ರೈತರೊಬ್ಬರು ಬಿಟ್ಟುಕೊಟ್ಟಿದ್ದಾರೆ. ಕುದುರೆಯ ಮೇಲೆ ಕತ್ತಿ ಹಿರಿದ ರಾಮರಾಯನ ಮೂರ್ತಿ ಆಗಲಿ ಎನ್ನುವವರು ಕೆಲವರು. ಉದ್ದನೆಯ ಗೋಡೆಯ ಮೇಲೆ ಯುದ್ಧದ ದೃಶ್ಯ ಬರಲಿ ಎನ್ನುವವರು ಕೆಲವರು. ಸಿಮೆಂಟಿನಲ್ಲಿ ಮಾಡಿಸಿ ಬಣ್ಣ ಬಳಿದರೆ ಖರ್ಚು ಕಡಿಮೆ ಎಂಬ ಮಾತೂ ಇದೆ. ನೀವೇನು ಹೇಳುತ್ತೀರಿ?
— ನಿವೃತ್ತ ಶಿಕ್ಷಕರು, ಹುನಗುಂದ ತಾಲ್ಲೂಕು

ಉತ್ತರ: ಮಾಸ್ತರರೇ, ಕುದುರೆಯ ಮೇಲಿನ ರಾಮರಾಯ ಬೇಡ. ಆ ದಿನ, 1565ರ ಜನವರಿ 23ರಂದು, ವಿಜಯನಗರದ ಆಡಳಿತ ಹಿಡಿದಿದ್ದ ಅಳಿಯ ರಾಮರಾಯ ಕುದುರೆಯ ಮೇಲೆ ಕತ್ತಿ ಬೀಸುವ ವಯಸ್ಸಿನವನಾಗಿರಲಿಲ್ಲ. ಎಂಬತ್ತರ ಆಸುಪಾಸಿನ ಮುದುಕ. ಪಲ್ಲಕ್ಕಿಯಲ್ಲಿ ಕುಳಿತೇ ಸೈನ್ಯದ ನಡುಭಾಗವನ್ನು ನಡೆಸಿದ; ಎರಡು ಪಕ್ಕಗಳನ್ನು ತಮ್ಮಂದಿರಾದ ತಿರುಮಲ ಮತ್ತು ವೆಂಕಟಾದ್ರಿ ನೋಡಿಕೊಂಡರು. ಇತಿಹಾಸಕಾರ ಫೆರಿಷ್ತಾ ಬರೆದಿರುವ ಪ್ರಕಾರ ಆನೆಯೊಂದು ನುಗ್ಗಿ ಬಂದಾಗ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ರಾಮರಾಯ ಸೆರೆಸಿಕ್ಕ, ಅಹಮದನಗರದ ಹುಸೇನ್ ನಿಜಾಮ್ ಶಾಹನ ಎದುರಿಗೆ ಅವನ ತಲೆ ಕಡಿಯಲಾಯಿತು. ಕುದುರೆಯ ಮೂರ್ತಿ ಮಾಡಿ ನಿಲ್ಲಿಸಿದರೆ ನಡೆದದ್ದು ಒಂದು, ಕಲ್ಲಿನಲ್ಲಿ ಉಳಿಯುವುದು ಇನ್ನೊಂದು ಎಂದಾಗುತ್ತದೆ. ಶಾಲೆಯ ಮಕ್ಕಳು ಅದನ್ನೇ ಇತಿಹಾಸವೆಂದು ನಂಬುತ್ತಾರೆ. ನೀವು ಪಾಠ ಹೇಳಿದವರು, ಇದನ್ನು ನಿಮಗೆ ವಿವರಿಸಬೇಕಿಲ್ಲ.

ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಈ ಯುದ್ಧಕ್ಕೆ ಸಂಬಂಧಿಸಿದ ಕಲ್ಲಿನ ಕೆತ್ತನೆಯೊಂದು ಹಿಂದೆ ವಿಜಯಪುರದಲ್ಲಿತ್ತು. ಫೆರಿಷ್ತಾನ ಇತಿಹಾಸವನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್ 1829ರಲ್ಲಿ ಅದರ ಬಗ್ಗೆ ಟಿಪ್ಪಣಿ ಬರೆದಿದ್ದಾನೆ. ರಾಮರಾಯನ ತಲೆಯನ್ನು ಕಲ್ಲಿನಲ್ಲಿ ಕೆತ್ತಿ, ಕೋಟೆಯ ಒಳಗಿನ ಚರಂಡಿಯ ಬಾಯಿಗೆ ಕೂರಿಸಲಾಗಿತ್ತು. ಅದನ್ನು ಓದಿದಾಗಲೆಲ್ಲ ನಾನು ಆ ಕಲ್ಲು ಕೆತ್ತಿದ ಕೈಗಳ ಬಗ್ಗೆ ಯೋಚಿಸುತ್ತೇನೆ. ಅವನೂ ನನ್ನಂತೆ ಉಳಿ ಹಿಡಿದವನು, ಹೇಳಿದವರ ಮಾತಿಗೆ ಕೆತ್ತಿದವನು. ಸೋತವನನ್ನು ಹೀಯಾಳಿಸಲು ಕಲ್ಲನ್ನು ಬಳಸಿದರೆ ನೂರಾರು ವರ್ಷ ಆ ಹೀಯಾಳಿಕೆ ಅಲ್ಲೇ ಕೂತಿರುತ್ತದೆ. ನಿಮ್ಮ ಊರಿನ ಶಿಲ್ಪ ಅದಕ್ಕೆ ಕೊಡುವ ತಿರುಗೇಟು ಆಗಬಾರದು. ಹಾಗೆ ಮಾಡಿದರೆ ನಾವೂ ಅದೇ ಕೆಲಸವನ್ನು ಮುಂದುವರಿಸಿದಂತೆ.

ಯಾರ ವಿರುದ್ಧ ತಿರುಗೇಟು ಎಂಬುದನ್ನೂ ಯೋಚಿಸಿ. ವಿಜಯಪುರದ ಅಲಿ ಆದಿಲ್ ಶಾಹ ಮೊದಲು ರಾಮರಾಯನ ಜೊತೆಗೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದವನು. ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಹೋಗಿ ದುಃಖ ಹಂಚಿಕೊಂಡ. ರಾಮರಾಯನ ಮಡದಿ ಅವನನ್ನು ಮಗನೆಂದು ಒಪ್ಪಿಕೊಂಡಳು ಎಂದು ಫೆರಿಷ್ತಾ ಹೇಳುತ್ತಾನೆ. ಮುಂದೆ ಅದೇ ಅಲಿ, ಅಹಮದನಗರ, ಗೋಲ್ಕೊಂಡ ಮತ್ತು ಬೀದರಿನ ಸುಲ್ತಾನರೊಡನೆ ಕೂಡಿ ಎದುರು ನಿಂತ. ಬೇರಾರಿನವನು ಬರಲಿಲ್ಲ. ವಿಜಯನಗರದ ಪಡೆಯಲ್ಲಿ ಮುಸ್ಲಿಂ ಸರದಾರರಿದ್ದರು, ಅವರಲ್ಲಿ ಇಬ್ಬರು ನಡುವೆ ಪಕ್ಷ ಬದಲಿಸಿದರು ಎಂದು ಎರಡು ವರ್ಷದ ಬಳಿಕ ಬಂದ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದಿದ್ದಾನೆ. ಸುಲ್ತಾನರ ಕೈಕೆಳಗೆ ಮರಾಠ ಸರದಾರರು ದುಡಿಯುತ್ತಿದ್ದರು. ಇಂಥ ಯುದ್ಧವನ್ನು ಗೋಡೆಯ ಮೇಲೆ ಎಡಕ್ಕೆ ನಮ್ಮವರು, ಬಲಕ್ಕೆ ಅವರು ಎಂದು ಕೆತ್ತಲು ಹೋದರೆ ಮೊದಲ ದಿನವೇ ತಪ್ಪುತ್ತೀರಿ.

ಹಾಗಾದರೆ ಏನು ಮಾಡಬೇಕು? ನಮ್ಮ ನೆಲದಲ್ಲೇ ಉತ್ತರವಿದೆ. ಕನ್ನಡ ನಾಡಿನಷ್ಟು ವೀರಗಲ್ಲುಗಳನ್ನು ನಿಲ್ಲಿಸಿದ ನಾಡುಗಳು ಕಡಿಮೆ. ವೀರಗಲ್ಲು ರಾಜನದಲ್ಲ. ದನ ಬಿಡಿಸಿಕೊಳ್ಳಲು ಹೋಗಿ ಸತ್ತ ತುರುಗೊಳ್ ವೀರ, ಊರು ಕಾಯಲು ನಿಂತು ಊರಳಿವಿನಲ್ಲಿ ಬಿದ್ದವನು, ಹೆಣ್ಣುಮಕ್ಕಳ ಮಾನಕ್ಕಾಗಿ ಹೋರಾಡಿದವನು, ಇವರದು ಅದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಕೈಲಾಸ ಮತ್ತು ಲಿಂಗ. ಕಣ್ಣು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೃಷ್ಣೆಯ ದಡದಲ್ಲಿ ಅಂದು ಬಿದ್ದವರಲ್ಲಿ ಹೆಚ್ಚಿನವರಿಗೆ ಇಂಥ ಕಲ್ಲು ಸಿಗಲಿಲ್ಲ. ಸೋತ ಕಡೆಯಲ್ಲಿ ನಿಲ್ಲಿಸುವವರೇ ಉಳಿಯಲಿಲ್ಲ. ತಿರುಮಲ ಹೆಸರಿಗೆ ದೊರೆಯಾಗಿದ್ದ ಸದಾಶಿವರಾಯನನ್ನೂ ಬೊಕ್ಕಸವನ್ನೂ ಕರೆದುಕೊಂಡು ಪೆನುಕೊಂಡೆಗೆ ಹೋದ, ರಾಜಧಾನಿಯನ್ನು ಸುಲಿಯಲಾಯಿತು.

ಅವರಿಗೆ ಸಲ್ಲಬೇಕಾದ ಆ ಒಂದು ಕಲ್ಲನ್ನು ಈಗ ನಿಲ್ಲಿಸಿ. ಎರಡಾಳು ಎತ್ತರದ ಒಂದೇ ಶಿಲೆ. ಕೆಳಗಿನ ಪಟ್ಟಿಕೆಯಲ್ಲಿ ಬಿದ್ದ ಸೈನಿಕರು, ಬಿದ್ದ ಕುದುರೆ, ಆನೆ, ಬೋಯಿಗಳು ಬಿಟ್ಟು ಹೋದ ಪಲ್ಲಕ್ಕಿ. ಯಾರ ತಲೆಯ ಮೇಲೂ ಕಿರೀಟ ಬೇಡ; ಪೇಟ ನೋಡಿ ಇವನು ಯಾವ ಕಡೆಯವನು ಎಂದು ಹೇಳಲು ಬರುವಂತೆಯೂ ಕೆತ್ತಬಾರದು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರ ಬದಲು ಕೃಷ್ಣೆ ಹರಿಯಲಿ, ಆಳವಾದ ಗೀರುಗಳಲ್ಲಿ, ಅಂಚಿನಿಂದ ಅಂಚಿಗೆ. ಮೇಲಿನ ಪಟ್ಟಿಕೆಯನ್ನು ಉಳಿ ಮುಟ್ಟಿಸದೆ, ಗಣಿಯಿಂದ ಬಂದ ಹಾಗೆಯೇ ಒರಟಾಗಿ ಬಿಡಿ. ಅಲ್ಲಿ ಸತ್ತವರಲ್ಲಿ ಕೈಲಾಸ ನಂಬಿದವರಿದ್ದರು, ವೈಕುಂಠ ನಂಬಿದವರಿದ್ದರು, ಜನ್ನತ್ ನಂಬಿದವರಿದ್ದರು. ಅವರ ಪರವಾಗಿ ನಾವು ಒಂದನ್ನು ಆರಿಸುವುದು ಸರಿಯಲ್ಲ.

ಕಲ್ಲಿನ ಕೆತ್ತಿದ ಮುಖ ದಕ್ಷಿಣಕ್ಕಿರಲಿ. ನಿಮ್ಮ ದಡದಲ್ಲಿ ನೋಡುವವನ ಎದುರಿಗೆ ಕಲ್ಲು, ಕಲ್ಲಿನ ಹಿಂದೆ ನದಿ ಬರುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ಬಿಸಿಲು ಪಕ್ಕದಿಂದ ಸವರಿಕೊಂಡು ಬೀಳುವುದರಿಂದ ತೆಳುವಾದ ಕೆತ್ತನೆಯೂ ಎದ್ದು ಕಾಣುತ್ತದೆ. ಎತ್ತರದ ಕಟ್ಟೆ, ಸ್ಟೀಲ್ ಕಂಬಿ, ಬಣ್ಣದ ದೀಪ ಯಾವುದೂ ಬೇಡ. ಜನ ಹತ್ತಿರ ಬಂದು ಕೈಯಿಂದ ಮುಟ್ಟುವಂತಿರಬೇಕು.

ಇನ್ನು ಸಿಮೆಂಟಿನ ಮಾತು. ಒಳಗಿನ ಕಬ್ಬಿಣದ ಸರಳಿಗೆ ನೀರು ತಾಗಿ ತುಕ್ಕು ಹಿಡಿದರೆ ಸರಳು ಉಬ್ಬುತ್ತದೆ, ಮೇಲಿನ ಪದರ ಸಿಡಿಯುತ್ತದೆ. ನಮ್ಮ ಸುತ್ತಲಿನ ಊರುಗಳಲ್ಲಿ ಬೆರಳು ಮುರಿದ, ಮೂಗು ಉದುರಿದ ಮೂರ್ತಿಗಳು ಎಷ್ಟೋ ಇವೆ. ಹಣ ಕಡಿಮೆಯಿದ್ದರೆ ಕಲ್ಲನ್ನು ಚಿಕ್ಕದು ಮಾಡಿ. ಆದರೆ ಕಲ್ಲೇ ಆಗಲಿ.

ಪ್ರಶ್ನೆ: ಪುಸ್ತಕಗಳಲ್ಲೆಲ್ಲ ಇದು ತಾಳಿಕೋಟೆ ಯುದ್ಧ. ಸ್ಮಾರಕವೂ ನಮ್ಮ ತಾಳಿಕೋಟೆಯಲ್ಲೇ ಆಗುವುದು ನ್ಯಾಯವಲ್ಲವೇ? ಯುದ್ಧ ನಿಜವಾಗಿ ನಡೆದದ್ದು ಎಲ್ಲಿ?
— ವ್ಯಾಪಾರಿ, ತಾಳಿಕೋಟೆ

ಉತ್ತರ: ನಿಮ್ಮ ಊರಿನ ಹೆಸರು ಬಂದದ್ದಕ್ಕೆ ಕಾರಣವಿದೆ. ಸುಲ್ತಾನರ ಸೈನ್ಯಗಳು ಒಂದುಗೂಡಿದ್ದು, ಬೀಡು ಬಿಟ್ಟದ್ದು ತಾಳಿಕೋಟೆಯ ಹತ್ತಿರ, ಕೃಷ್ಣೆಯ ಉತ್ತರಕ್ಕೆ. ನದಿ ದಾಟುವ ಹಾದಿಯನ್ನು ವಿಜಯನಗರದವರು ಕಾಯುತ್ತಿದ್ದರು. ಸುಲ್ತಾನರು ಬೇರೆಡೆ ದಾಟುವವರಂತೆ ದಡದುದ್ದಕ್ಕೂ ಸಾಗಿದರು, ಎದುರಿನವರೂ ಕಾವಲು ಬಿಟ್ಟು ಆಚೆ ದಡದಲ್ಲಿ ಅವರಿಗೆ ಸಮನಾಗಿ ಸಾಗಿದರು. ಆಗ ಸುಲ್ತಾನರ ಪಡೆ ತಟ್ಟನೆ ಹಿಂದಿರುಗಿ ಮೊದಲಿನ ಜಾಗದಲ್ಲೇ ನದಿ ದಾಟಿತು. ಕಾಳಗ ನಡೆದದ್ದು ನದಿಯ ದಕ್ಷಿಣಕ್ಕೆ. ರಕ್ಕಸಗಿ, ತಂಗಡಗಿ ಎರಡೂ ಕೃಷ್ಣೆಯ ಸೀಮೆಯ ಊರುಗಳು. ಅದಕ್ಕೇ ನಮ್ಮ ಜನ ಎರಡೂ ಊರುಗಳನ್ನು ಜೋಡಿಸಿ ಹೇಳುತ್ತಾರೆ. ಬನ್ನಿಹಟ್ಟಿಯ ಹೆಸರೂ ಇದಕ್ಕಿದೆ. ಇಂಥದ್ದೇ ಹೊಲ ಎಂದು ಬೆರಳಿಟ್ಟು ತೋರಿಸುವುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಅಷ್ಟು ದೊಡ್ಡ ಪಡೆಗಳ ಯುದ್ಧ ಒಂದು ಹೊಲದಲ್ಲಿ ಮುಗಿಯುವಂಥದ್ದೂ ಅಲ್ಲ. ಅಲ್ಲದೆ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಹಳೆಯ ದಡವೇ ಬದಲಾಗಿದೆ.

ಆದ್ದರಿಂದ ಕಲ್ಲಿನ ಮೇಲೆ ‘ಇದೇ ಸ್ಥಳದಲ್ಲಿ’ ಎಂದು ಕೊರೆಯಬೇಡಿ, ‘ಈ ಸೀಮೆಯಲ್ಲಿ’ ಎಂದು ಕೊರೆಯಿರಿ. ತಾಳಿಕೋಟೆಯವರು ಬಿಟ್ಟುಹೋಗಬೇಕಿಲ್ಲ. ಸೈನ್ಯಗಳು ಬೀಡು ಬಿಟ್ಟ ನೆಲವೆಂದು ತಿಳಿಸುವ ಒಂದು ಚಿಕ್ಕ ಕಲ್ಲು ನಿಮ್ಮಲ್ಲಿ, ನದಿ ದಾಟಿದ ನೆನಪಿಗೆ ತಂಗಡಗಿಯ ಕಡೆ ಒಂದು, ವೀರಗಲ್ಲು ದಕ್ಷಿಣ ದಡದಲ್ಲಿ. ಮೂರೂ ಒಂದೇ ಗಣಿಯ ಕಲ್ಲಾಗಿದ್ದರೆ ಇನ್ನೂ ಒಳ್ಳೆಯದು. ತಂಗಡಗಿ ಬಸವಣ್ಣನವರ ಮಡದಿ ನೀಲಮ್ಮನ ಐಕ್ಯಸ್ಥಳ. ಅಲ್ಲಿಗೆ ಬರುವ ಭಕ್ತರೂ ಆ ಕಲ್ಲನ್ನು ಓದುತ್ತಾರೆ.

ಪ್ರಶ್ನೆ: ನಮ್ಮ ಭಾಗದಲ್ಲಿ ಬಾದಾಮಿಯ ಕೆಂಪು ಕಲ್ಲಿದೆ, ಇಳಕಲ್ಲಿನ ಗ್ರಾನೈಟ್ ಇದೆ, ವಿಜಯಪುರದ ಕರಿಕಲ್ಲಿದೆ, ತಾಳಿಕೋಟೆ ಕಡೆಯ ಫರಸಿ ಇದೆ. ಬಯಲಿನಲ್ಲಿ ನಿಲ್ಲುವ ಶಿಲ್ಪಕ್ಕೆ ಯಾವುದು ತಕ್ಕದ್ದು? ಅಡಿಪಾಯ ಹೇಗಿರಬೇಕು?
— ಕಟ್ಟಡ ಗುತ್ತಿಗೆದಾರರು, ಇಳಕಲ್

ಉತ್ತರ: ಈ ಪ್ರಶ್ನೆಗಾಗಿ ನಿಮಗೆ ಕೃತಜ್ಞ. ಇದನ್ನು ಕೇಳದೆಯೇ ಮೂರ್ತಿಗೆ ಮುಂಗಡ ಕೊಡುವವರೇ ಹೆಚ್ಚು.

ನಾನು ಬಾದಾಮಿ ಕಡೆಯವನು. ನಮ್ಮ ತಂದೆ ಒರಳು, ಬೀಸುಕಲ್ಲು ಕಟೆಯುತ್ತಿದ್ದರು. ಬಾದಾಮಿಯ ಮರಳುಗಲ್ಲಿನ ಮೇಲೆ ನನಗಿರುವ ಪ್ರೀತಿ ಹೇಳಿ ಮುಗಿಯುವಂಥದ್ದಲ್ಲ. ಉಳಿಗೆ ಒಲಿಯುತ್ತದೆ, ಸಂಜೆಯ ಬೆಳಕಿನಲ್ಲಿ ಅದರ ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಅದು ಪದರ ಪದರವಾಗಿ ಕೂತ ಕಲ್ಲು. ಭೂಮಿಯಲ್ಲಿ ಮಲಗಿದ್ದ ಹಾಗೆಯೇ ಪದರ ಅಡ್ಡವಾಗಿ ಇಟ್ಟು ಕಟ್ಟಿದರೆ ಸಾವಿರ ವರ್ಷ ಬಾಳುತ್ತದೆ. ಐಹೊಳೆ, ಪಟ್ಟದಕಲ್ಲುಗಳೇ ಸಾಕ್ಷಿ. ಉದ್ದನೆಯ ಹಾಸನ್ನು ಎಬ್ಬಿಸಿ ನೆಟ್ಟಗೆ ನಿಲ್ಲಿಸಿದಾಗ ಪದರಗಳೂ ನೆಟ್ಟಗಾಗುತ್ತವೆ. ಬುಡದಿಂದ ಏರುವ ನೀರು, ಅದರೊಳಗಿನ ಉಪ್ಪು ಪದರಗಳ ನಡುವೆ ಸೇರಿ ಮುಖವನ್ನು ಚಕ್ಕೆ ಚಕ್ಕೆಯಾಗಿ ಬಿಚ್ಚುತ್ತವೆ. ಹಿನ್ನೀರಿನ ಹತ್ತಿರದ ತೇವದ ನೆಲದಲ್ಲಿ ಒಂಟಿಯಾಗಿ ನಿಲ್ಲುವ ಕಲ್ಲಿಗೆ ಅದು ಬೇಡ.

ಫರಸಿ ಸುಣ್ಣದ ಕಲ್ಲಿನ ಜಾತಿ. ನೆಲಹಾಸಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಹಾಗಾಗಿ ಸುತ್ತಲಿನ ಹಾದಿಗೆ ಹಾಕಿ. ಆಳವಾದ ಕೆತ್ತನೆಗೆ ಬೇಕಾದ ದಪ್ಪ ಅದರಲ್ಲಿ ಸಿಗುವುದಿಲ್ಲ. ವಿಜಯಪುರದ ಕರಿಕಲ್ಲು, ಅಂದರೆ ಬಸಾಲ್ಟ್, ಗೋಲಗುಮ್ಮಟವನ್ನು ಹೊತ್ತು ನಿಂತಿರುವ ಕಲ್ಲು. ಗಟ್ಟಿ, ಕಣ ಸಣ್ಣ. ಆದರೆ ಬಿರುಕಿಲ್ಲದ ಎರಡಾಳುದ್ದದ ಒಂದೇ ತುಂಡು ಸಿಗುವುದು ಕಷ್ಟ.

ಉಳಿಯುವುದು ನಿಮ್ಮ ಊರಿನದೇ ಕೆಂಪು ಗ್ರಾನೈಟ್. ದೇಶವಿದೇಶದ ಕಟ್ಟಡಗಳಿಗೆ ನುಣ್ಣಗೆ ಹೊಳಪು ಹಾಕಿ ಕಳುಹಿಸುವ ಆ ಕಲ್ಲು ತನ್ನ ಸೀಮೆಯಲ್ಲಿ ಒರಟು ಮೈಯಿಂದ ನಿಲ್ಲುವುದನ್ನು ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಹೊಳಪು ಹಾಕಿಸಬೇಡಿ. ಹೊಳಪಿನಲ್ಲಿ ನೋಡುವವನಿಗೆ ತನ್ನ ಮುಖವೇ ಕಾಣುತ್ತದೆ, ಕೆತ್ತನೆ ಕಾಣುವುದಿಲ್ಲ. ಗ್ರಾನೈಟಿನಲ್ಲಿ ಕಣ್ಣು, ಉಗುರು, ಆಭರಣದಂಥ ಸೂಕ್ಷ್ಮ ಕೆಲಸ ದುಬಾರಿ. ಆದ್ದರಿಂದ ರೂಪಗಳು ದೊಡ್ಡದಾಗಿ, ಸರಳವಾಗಿ, ಆಳವಾಗಿ ಇರಲಿ. ಗಣಿಯಲ್ಲಿ ಆರಿಸುವಾಗ ಕಲ್ಲಿಗೆ ನೀರು ಸುರಿದು ನೋಡಿ, ಮೈಯೆಲ್ಲ ಆರಿದ ಮೇಲೂ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿದರೆ ಅಲ್ಲಿ ಬಿರುಕಿದೆ. ಸುತ್ತಿಗೆಯಿಂದ ತಟ್ಟಿ ನೋಡಿ. ಒಳ್ಳೆಯ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ, ಒಡಕು ಕಲ್ಲಿನ ದನಿ ಅಲ್ಲೇ ಸಾಯುತ್ತದೆ.

ತೂಕದ ಲೆಕ್ಕ ಮೊದಲೇ ಹಾಕಿ. ನಾಲ್ಕು ಮೀಟರ್ ಉದ್ದ, 1.2 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಕಲ್ಲು 2.4 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ ಸುಮಾರು 2.65 ಟನ್ನಿನಂತೆ ಆರು ಟನ್ನಿಗೂ ಮೇಲೆ. ಅದನ್ನು ಹೊರುವ ಲಾರಿ ಮತ್ತು ಎತ್ತುವ ಕ್ರೇನ್ ಹೊಲದ ದಾರಿಯಲ್ಲಿ ಒಳಗೆ ಬರುತ್ತವೆಯೇ ಎಂದು ಬೇಸಿಗೆಯಲ್ಲೇ ನೋಡಿಕೊಳ್ಳಿ. ಮಳೆ ಬಿದ್ದ ಎರೆ ಹೊಲದಲ್ಲಿ ಕ್ರೇನ್ ಹೂತುಹೋಗುತ್ತದೆ.

ಎರೆ ಮಣ್ಣು ಎಂದಾಗ ಮುಖ್ಯ ಮಾತಿಗೆ ಬಂದೆವು. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕೂರಿಸಿದ ಯಾವ ಕಲ್ಲೂ ನೆಟ್ಟಗೆ ಉಳಿಯುವುದಿಲ್ಲ. ಎರೆಯನ್ನು ಪೂರ್ತಿ ತೆಗೆದು ಗರಸು ಅಥವಾ ಬಂಡೆ ಸಿಗುವವರೆಗೆ ಅಗೆಯಿರಿ. ತಳದಲ್ಲಿ ಕಾಂಕ್ರೀಟ್ ಹಾಕಿ, ಕಲ್ಲಿನ ಉದ್ದದಲ್ಲಿ ಕಾಲು ಭಾಗ ಒಳಗೆ ಕೂರುವಂತೆ ಗುಳಿ ಬಿಡಿ. ಅಗೆದ ಜಾಗಕ್ಕೆ ಅದೇ ಕರಿ ಮಣ್ಣನ್ನು ತಿರುಗಿ ತುಂಬಬಾರದು. ಗರಸು, ಜಲ್ಲಿ ತುಂಬಿ, ನೀರು ದೂರ ಹರಿಯುವಂತೆ ಇಳಿಜಾರು ಕೊಡಿ. ಖರ್ಚಿನ ದೊಡ್ಡ ಪಾಲು ಕಣ್ಣಿಗೆ ಕಾಣದ ಈ ಕೆಲಸಕ್ಕೇ ಹೋಗುತ್ತದೆ. ಅದರಲ್ಲಿ ಜಿಪುಣತನ ಮಾಡಲು ಸಮಿತಿಯವರು ಹೇಳಿದರೂ ನೀವು ಒಪ್ಪಬೇಡಿ.

ಪ್ರಶ್ನೆ: ಸರ್, ಬೇರೆ ದೇಶಗಳಲ್ಲಿ ಹಳೆಯ ಯುದ್ಧಗಳ ನೆನಪಿಗೆ ಹೊಸ ಶಿಲ್ಪಗಳನ್ನು ಹೇಗೆ ಮಾಡಿದ್ದಾರೆ? ಮನುಷ್ಯರ ಆಕೃತಿಯೇ ಇಲ್ಲದೆಯೂ ಮಾಡಬಹುದೇ?
— ದೃಶ್ಯಕಲಾ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಖಂಡಿತ ಮಾಡಬಹುದು, ತಂಗಿ. ನಾರ್ವೆಯ ಸ್ಟಾವಂಗರ್ ಹತ್ತಿರ, ಹಾಫರ್ಸ್‌ಫಿಯೊರ್ಡ್ ಎಂಬ ಕೊಲ್ಲಿಯ ದಡದಲ್ಲಿ, ಬಂಡೆಯೊಳಗೆ ನೆಟ್ಟ ಮೂರು ಖಡ್ಗಗಳಿವೆ. ಫ್ರಿಟ್ಸ್ ರೋಡ್ ಎಂಬ ಶಿಲ್ಪಿಯ ಕೆಲಸ, 1983ರಲ್ಲಿ ಅನಾವರಣಗೊಂಡಿತು. ಖಡ್ಗಗಳು ಕಂಚಿನವು, ಹತ್ತು ಮೀಟರ್ ಎತ್ತರ. 872ರಲ್ಲಿ ನಡೆಯಿತೆಂದು ಹೇಳುವ ಯುದ್ಧದ ನೆನಪು ಅದು. ಅತಿ ದೊಡ್ಡದು ಗೆದ್ದ ರಾಜ ಹೆರಾಲ್ಡನದು, ಉಳಿದೆರಡು ಸೋತ ರಾಜರದು. ಸೋತವರೂ ಗೆದ್ದವನ ಪಕ್ಕದಲ್ಲೇ ನಿಂತಿದ್ದಾರೆ, ಖಡ್ಗಗಳನ್ನು ಮತ್ತೆ ಕೀಳಲಾಗದಂತೆ ಬಂಡೆಗೆ ಇಳಿಸಲಾಗಿದೆ. ಈ ಎರಡು ಸಂಗತಿಗಳು ನನಗೆ ಬಹಳ ಹಿಡಿಸುತ್ತವೆ.

ಪೋಲೆಂಡಿನ ಗ್ರುನ್‌ವಾಲ್ಡ್ ಬಯಲಿನಲ್ಲಿ 1410ರ ಯುದ್ಧಕ್ಕೆ 1960ರಲ್ಲಿ ಗ್ರಾನೈಟ್ ಸ್ಮಾರಕ ಮಾಡಿದರು. ಪಕ್ಕದಲ್ಲಿ ಧ್ವಜಗಳನ್ನು ನೆನಪಿಸುವ ಎತ್ತರದ ಲೋಹದ ಕಂಬಗಳು. ಗೆಲುವಿನ ದನಿ ಅದರಲ್ಲಿ ಜೋರಾಗಿದೆ, ನನಗೆ ಅಷ್ಟು ಒಗ್ಗುವುದಿಲ್ಲ. ಎಲ್ಲಕ್ಕಿಂತ ಹಳೆಯ ಪಾಠ ಗ್ರೀಸಿನ ಮ್ಯಾರಥಾನಿನದು. ಕ್ರಿ.ಪೂ. 490ರಲ್ಲಿ ಸತ್ತ 192 ಅಥೆನ್ಸಿನವರ ಮೇಲೆ ಒಂದು ಮಣ್ಣಿನ ದಿಬ್ಬ ಕಟ್ಟಿದರು, ಅದು ಇಂದಿಗೂ ಇದೆ.

ನಮ್ಮ ದೇಶದಲ್ಲೇ ನೋಡಬೇಕೆಂದರೆ ಒಡಿಶಾದ ಧೌಲಿಗೆ ಹೋಗು. ಕಳಿಂಗ ಯುದ್ಧ ನಡೆಯಿತೆಂದು ನಂಬುವ ದಯಾ ನದಿಯ ಬಯಲು ಕೆಳಗೆ, ಗುಡ್ಡದ ಮೇಲೆ 1970ರ ದಶಕದಲ್ಲಿ ಕಟ್ಟಿದ ಬಿಳಿಯ ಶಾಂತಿ ಸ್ತೂಪ. ಗುಡ್ಡದ ಬುಡದಲ್ಲಿ ಅಶೋಕನ ಶಾಸನ, ಅದರ ಮೇಲೆ ಬಂಡೆಯಿಂದ ಅರ್ಧ ಹೊರಬಂದ ಆನೆ. ಒಂದು ಲಕ್ಷ ಜನ ಸತ್ತರೆಂದು ಅಶೋಕ ಪಶ್ಚಾತ್ತಾಪಪಡುವ ಹದಿಮೂರನೆಯ ಶಾಸನ ಧೌಲಿಯಲ್ಲಿ ಇಲ್ಲ, ಬೇರೆ ಕಡೆಗಳಲ್ಲಿದೆ. ನೊಂದವರ ಊರಿನಲ್ಲಿ ಆ ಲೆಕ್ಕವನ್ನು ಅವನು ಕೊರೆಸಲಿಲ್ಲ. ಸ್ತೂಪ ನೋಡಲು ಎಲ್ಲರೂ ಹೋಗುತ್ತಾರೆ. ನೀನು ಆ ಆನೆಯ ಮುಂದೆ ಕೂತು ಚಿತ್ರ ಬರೆ. ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದರಷ್ಟು ಚೆನ್ನಾಗಿ ಕಲಿಸುವ ಶಿಲ್ಪ ಇನ್ನೊಂದನ್ನು ನಾನು ಕಾಣೆ.

ಪ್ರಶ್ನೆ: ಸೋತ ಯುದ್ಧಕ್ಕೆ ಸ್ಮಾರಕವೇಕೆ? ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ಗೆಲುವಿಗೆ ಮಾಡಬಾರದೇ?
— ಓದುಗರು, ಬಾದಾಮಿ

ಉತ್ತರ: ಆ ಗೆಲುವಿಗೆ ಕಲ್ಲು ಆಗಲೇ ಇದೆ. ಐಹೊಳೆಯ ಮೇಗುಟಿ ದೇವಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಓದಿ. ಅದಕ್ಕೆ ಸೇರಿಸಲು ನಮ್ಮಲ್ಲಿ ಏನೂ ಇಲ್ಲ.

ಆದರೆ ನಿಮ್ಮ ಊರಲ್ಲೇ ಇನ್ನೊಂದಿದೆ. 642ರ ಹೊತ್ತಿಗೆ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು ಗೆದ್ದು, ಅಗಸ್ತ್ಯ ತೀರ್ಥದ ಬಳಿಯ ಬಂಡೆಯ ಮೇಲೆ ತನ್ನ ಗೆಲುವನ್ನು ಕೊರೆಸಿದ. ಮುಂದೆ ಚಾಲುಕ್ಯರು ಊರನ್ನು ಮರಳಿ ಪಡೆದರು, ಕಂಚಿಯವರೆಗೂ ಹೋಗಿ ಬಂದರು. ಆದರೂ ಆ ಬರಹ ಸವೆದ ಸ್ಥಿತಿಯಲ್ಲಿ ಇಂದಿಗೂ ಬಂಡೆಯ ಮೇಲಿದೆ. ತಮ್ಮ ಸೋಲಿನ ಬರಹವನ್ನು ತಮ್ಮ ಕೆರೆಯ ದಂಡೆಯಲ್ಲೇ ಉಳಿಸಿಕೊಂಡ ಊರಿನವರು ನೀವು. ಸೋಲಿಗೆ ಸ್ಮಾರಕವೇಕೆ ಎಂದು ಬಾದಾಮಿಯವರೇ ಕೇಳಬಾರದು.

ಪ್ರಶ್ನೆ: ದಾನಿಗಳ ಹೆಸರು, ಗಣ್ಯರ ಹೆಸರು ಶಿಲ್ಪದ ಮೇಲೆ ಎಲ್ಲಿ ಹಾಕಬೇಕು? ಪ್ರತಿ ವರ್ಷ ಬಣ್ಣ ಹಚ್ಚಬೇಕೇ?
— ಗ್ರಾಮ ಪಂಚಾಯಿತಿ ಸದಸ್ಯೆ, ಬೈಲಹೊಂಗಲ ತಾಲ್ಲೂಕು

ಉತ್ತರ: ತಾಯಿ, ಶಿಲ್ಪದ ಮೇಲೆ ಯಾರ ಹೆಸರೂ ಬೇಡ. ನನ್ನ ಹೆಸರೂ ಬೇಡವೆಂದೇ ನಾನು ಕರಾರಿನಲ್ಲಿ ಬರೆಸುತ್ತೇನೆ. ದಾನಿಗಳಿಗೆ ಪ್ರವೇಶದ ಬಳಿ ನೆಲಮಟ್ಟದಲ್ಲಿ ಒಂದು ಫರಸಿ ಸಾಕು. ಶಿಲ್ಪದ ಹಿಂಬದಿಯಲ್ಲಿ ವರ್ಷ, ಸೀಮೆಯ ಹೆಸರು ಮತ್ತು ನಮ್ಮ ಹಳೆಯ ವೀರಗಲ್ಲುಗಳ ಮೇಲೆ ಮತ್ತೆ ಮತ್ತೆ ಬರುವ ಶ್ಲೋಕ ಇರಲಿ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಏಕೆ ಎಂದು ಅರ್ಥ.

ಎಣ್ಣೆ ಬಣ್ಣ ಖಂಡಿತ ಬೇಡ. ಅದು ಕಲ್ಲಿನ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಮರಳುಗಲ್ಲಾದರೆ ಬಣ್ಣದೊಡನೆ ಮೇಲಿನ ಪದರವೂ ಕಿತ್ತು ಬರುತ್ತದೆ. ಆಸಿಡ್, ತಂತಿ ಬ್ರಷ್ ಎರಡನ್ನೂ ಹತ್ತಿರ ತರಬೇಡಿ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು.

ಪ್ರಶ್ನೆ: ಹೊಲ ಉಳುವಾಗ ದುಂಡನೆಯ ಕಲ್ಲಿನ ಗುಂಡೊಂದು ಸಿಕ್ಕಿದೆ. ನಮ್ಮ ಹಳೆಯ ಬಾವಿಯ ಮೆಟ್ಟಿಲಿನಲ್ಲಿ ಕೆತ್ತನೆಯ ಕಲ್ಲೂ ಇದೆ. ಇವನ್ನು ಹೊಸ ಸ್ಮಾರಕದಲ್ಲಿ ಸೇರಿಸಬಹುದೇ?
— ರೈತರು, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ಸೇರಿಸಬೇಡಿ, ಕೀಳಲೂ ಬೇಡಿ. ಗುಂಡು ಸಿಕ್ಕಿದ್ದು ಯಾವ ಹೊಲದ ಯಾವ ಮೂಲೆ, ಎಷ್ಟು ಆಳ ಎಂಬುದನ್ನು ಬರೆದಿಡಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ತೊಳೆದು ತಿಕ್ಕಬೇಡಿ. ತಹಶೀಲ್ದಾರರ ಕಚೇರಿಗೆ ಲಿಖಿತವಾಗಿ ತಿಳಿಸಿ, ಒಂದು ಪ್ರತಿಯನ್ನು ಪುರಾತತ್ತ್ವ ಇಲಾಖೆಗೆ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ. ಬಾವಿಯ ಕಲ್ಲು ವೀರಗಲ್ಲೇ ಇರಬಹುದು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು, ಕತ್ತಿ, ದನಗಳು ಕಾಣುತ್ತವೆಯೇ ನೋಡಿ. ವಿಜಯಪುರದ ಗೋಲಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳಿವೆ, ಒಮ್ಮೆ ಹೋಗಿ ಹೋಲಿಸಿ. ಇನ್ನೊಂದು ಮಾತು: ಹತ್ತಿರದಲ್ಲಿ ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕವಿದ್ದರೆ ಅದರಿಂದ 100 ಮೀಟರ್ ಒಳಗೆ ಹೊಸದೇನನ್ನೂ ಕಟ್ಟುವಂತಿಲ್ಲ, ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಸಮಿತಿಯವರಿಗೆ ಇದನ್ನು ಅಡಿಪಾಯ ತೆಗೆಯುವ ಮೊದಲೇ ತಿಳಿಸಿ.